ಮಳೆ ಕಾಣದ ದ್ರಾಕ್ಷಿತೋಟ: ಚಿತ್ರಗೀತೆಯ ವಿರಹ, ಯೆಶಾಯನ ಪ್ರೇಮಗೀತೆ

2006ರ ಡಿಸೆಂಬರಿನಲ್ಲಿ ತೆರೆಕಂಡ ‘ಮುಂಗಾರು ಮಳೆ’ಯ ಹಾಡುಗಳನ್ನು ನಮ್ಮ ಯುವಜನರು ಇಂದಿಗೂ ಗುನುಗುತ್ತಾರೆ. ಅವು ಕೇವಲ ಲೌಕಿಕವೆಂದು ಬದಿಗಿರಿಸುವುದು ಸುಲಭ. ಆದರೆ ಒಲಿಯದ ಪ್ರೀತಿಯ ಹಾಡೊಂದು ಪವಿತ್ರ ಗ್ರಂಥದಲ್ಲಿಯೇ ಇರುವಾಗ ಅಂಥ ಉಪೇಕ್ಷೆ ನಮಗೆ ತಕ್ಕುದಲ್ಲ.

ನಿರ್ದೇಶಕ ಯೋಗರಾಜ ಭಟ್ಟರೇ ರಚಿಸಿದ ಶೀರ್ಷಿಕೆ ಗೀತೆಯಲ್ಲಿ ಪ್ರೀತಿಯು ಮಳೆಯಂತೆ ಅಪ್ಪಣೆ ಕೇಳದೆ ಸುರಿಯುತ್ತದೆ. ಜಯಂತ ಕಾಯ್ಕಿಣಿಯವರ ಪ್ರಸಿದ್ಧ ಗೀತೆಯಲ್ಲಿ ಪ್ರೇಮಿ ಹೇಳುವುದೆಲ್ಲ ತನ್ನೊಳಗಿನ ಅನಿಸಿಕೆ. ಎದುರಿನವಳ ಉತ್ತರ ಇನ್ನೂ ಬಂದಿಲ್ಲ. ಈ ಸಂಯಮವೇ ಅದರ ಸೊಗಸು. ನಾಯಕಿಯ ಪಾಲಿನ ಹಾಡಿನಲ್ಲಿಯೂ ಇರುವುದು ಸಮ್ಮತಿಯಲ್ಲ, ತೊಳಲಾಟ. ಕಡೆಗೆ ಪ್ರೀತಮ್ ನಂದಿನಿಯನ್ನು ಬಿಟ್ಟುಕೊಟ್ಟು ಹೊರಡುತ್ತಾನೆ. ಪ್ರೀತಿ ಎಂದರೆ ಸ್ವಾಧೀನವಲ್ಲ ಎಂಬ ಅರಿವು ಇಲ್ಲಿದೆ. ಆದರೆ ಅಷ್ಟರಲ್ಲಿ ಅವನಿಗೆ ಒಲಿದಿದ್ದ ನಂದಿನಿಯ ಇಚ್ಛೆಗೆ ಆ ತ್ಯಾಗದಲ್ಲಿ ತೂಕವಿಲ್ಲ. ಇದನ್ನು ನಾವು ಕೃತಿಯ ಕೊರತೆಯೆಂದೇ ಎಣಿಸುತ್ತೇವೆ.

ಯೆಶಾಯನ 5ನೆಯ ಅಧ್ಯಾಯವೂ ಪ್ರೇಮಗೀತೆಯಾಗಿ ತೊಡಗುತ್ತದೆ. ಪ್ರಿಯನು ನೆಲ ಅಗೆದು, ಕಲ್ಲು ಆಯ್ದು, ಉತ್ತಮ ಬಳ್ಳಿ ನೆಟ್ಟು ಕಾದನು, ದೊರೆತದ್ದು ಹುಳಿಹಣ್ಣು. ಆಗ ಹಾಡು ನ್ಯಾಯಸ್ಥಾನದ ದೂರಾಗುತ್ತದೆ. ತೋಟದ ಮೇಲೆ ಮಳೆ ಸುರಿಸಬಾರದೆಂದು ಮೋಡಗಳಿಗೆ ಆಜ್ಞೆಯಾಗುತ್ತದೆ. 7ನೆಯ ವಚನದ ಹೀಬ್ರೂ ಶಬ್ದಶ್ಲೇಷೆ ಕಾರಣವನ್ನು ತಿಳಿಸುತ್ತದೆ: ದೇವರು ನಿರೀಕ್ಷಿಸಿದ್ದು ಮಿಶ್ಪಾಟ್, ಅಂದರೆ ನ್ಯಾಯ, ಕಂಡದ್ದು ಮಿಸ್ಪಾಹ್, ಅಂದರೆ ರಕ್ತಪಾತ. ಆದುದರಿಂದ ದೇವರ ವಿರಹವು ನೊಂದ ಅಭಿಮಾನವಲ್ಲ. ತುಳಿತಕ್ಕೊಳಗಾದವರ ಮೊರೆ ಅದರೊಳಗೆ ಅಡಗಿದೆ. 27ನೆಯ ಅಧ್ಯಾಯದಲ್ಲಿ ತೋಟವು ಮತ್ತೆ ಹಾಡಾಗುತ್ತದೆ: ಒಡೆಯನು ಕ್ಷಣಕ್ಷಣವೂ ನೀರೆರೆಯುತ್ತಾನೆ, ಸಂಧಾನಕ್ಕೆ ಕರೆಯುತ್ತಾನೆ. 16ನೆಯ ಬೆನೆಡಿಕ್ಟರು 2005ರ ‘ದೇಯುಸ್ ಕಾರಿತಾಸ್ ಎಸ್ತ್’ ವಿಶ್ವಪತ್ರದಲ್ಲಿ ಹೋಶೇಯನನ್ನು ಓದುತ್ತ, ಈ ಪ್ರೀತಿಯು ದೇವರ ನ್ಯಾಯಕ್ಕೇ ಎದುರಾಗಿ ನಿಲ್ಲುತ್ತದೆಂದೂ ಅಲ್ಲಿ ಶಿಲುಬೆಯ ಮುನ್ಸೂಚನೆಯಿದೆಯೆಂದೂ ಬೋಧಿಸಿದ್ದಾರೆ.

ಆದರೂ ಈ ಹೋಲಿಕೆಗೆ ಮಿತಿಯುಂಟು. ದೇವರು ಕಾಯುವುದು ತಾನು ಸೃಷ್ಟಿಸಿ, ಒಡಂಬಡಿಕೆ ಮಾಡಿಕೊಂಡ ಜನರಿಗಾಗಿ. ತನಗೆ ಒಲಿಯದವಳ ಮೇಲೆ ಯುವಕನಿಗೆ ಅಂಥ ಹಕ್ಕಿಲ್ಲ. ಬೆನ್ನು ಬಿಡದಿದ್ದರೆ ಒಲಿದೇ ಒಲಿಯುತ್ತಾಳೆಂಬ ಚಲನಚಿತ್ರಗಳ ರೂಢಿಯ ನಂಬಿಕೆಗೆ ಹೋಶೇಯನ ಸಾಕ್ಷ್ಯ ತರುವುದು ವಾಕ್ಯಕ್ಕೂ ಆಕೆಗೂ ಮಾಡುವ ಅನ್ಯಾಯ. ಅವನ ಪಾಲಿಗೆ ಸಂಧಾನವೆಂದರೆ ಅನೇಕ ವೇಳೆ ಅವಳ ನಿರಾಕರಣೆಯೊಡನೆ ಮಾಡಿಕೊಳ್ಳುವ ಸಂಧಾನ: ಕಹಿಯಿಲ್ಲದೆ, ಶಾಪವಿಲ್ಲದೆ, ಅವಳ ಒಳಿತನ್ನು ಹಾರೈಸಿ ದಾರಿ ಬಿಡುವುದು.

ಪಾಪನಿವೇದನೆಯ ಪೀಠದಲ್ಲಿ ಕೂರಲಿರುವವರು ಈ ಭೇದವನ್ನು ಈಗಲೇ ಅರಿಯಬೇಕು. ಶುಭಶುಕ್ರವಾರದ ಶಿಲುಬೆಯ ಆರಾಧನೆಯಲ್ಲಿ ನಾವು ಹಾಡುವ ಪ್ರಲಾಪವು, ಮೀಕನ 6ನೆಯ ಅಧ್ಯಾಯವನ್ನು ಅನುಸರಿಸಿ, ತನ್ನ ಜನರನ್ನು ಪ್ರಶ್ನಿಸುತ್ತದೆ. ಅಲ್ಲಿ ಉತ್ತರ ಕೇಳುವವನ ಕೈಗಳಿಗೆ ಮೊಳೆ ಹೊಡೆಯಲಾಗಿದೆ. ಅವು ಯಾರನ್ನೂ ಹಿಡಿದೆಳೆಯುವುದಿಲ್ಲ.