ಗಾಮಾನ ಎದುರಾಳಿಗಳು ಯಾರು?

ಗಾಮಾ ಪೈಲ್ವಾನ್ ಸೋಲನ್ನೇ ಕಾಣದವನು ಎಂಬ ಮಾತನ್ನು ಕುಸ್ತಿಪ್ರಿಯರಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ನಾನೂ ಪ್ರಶ್ನಿಸುತ್ತಿಲ್ಲ. ಆದರೆ ಯಾರ ಎದುರು ಸೋಲಲಿಲ್ಲ ಎಂದು ಕೇಳಿದ ಕೂಡಲೇ ಅಭಿಮಾನಿಗಳು ಕೊಡುವ ಉತ್ತರ ನನಗೆ ಒಪ್ಪಿಗೆಯಾಗುವುದಿಲ್ಲ. ಅವನ ಬದುಕಿನ ಅತಿ ಹಗುರವಾದ ಗೆಲುವನ್ನು ಅವರು ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ. ಅತಿ ತೂಕದ ಸೆಣಸಾಟವನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ.

ಆ ಹಗುರವಾದ ಗೆಲುವು 1928ರ ಪಟಿಯಾಲದ್ದು. ಪೋಲೆಂಡಿನ ಸ್ಟಾನಿಸ್ಲಾಸ್ ಜ್ಬಿಸ್ಕೊನನ್ನು ಗಾಮಾ ಒಂದು ನಿಮಿಷವೂ ತುಂಬುವ ಮೊದಲೇ ಚಿತ್ ಮಾಡಿದ. ಮಹಾರಾಜರ ಸಮ್ಮುಖ, ಕಿಕ್ಕಿರಿದ ಜನ, ಬಿಳಿಯನ ಬೆನ್ನು ಮಣ್ಣಿಗೆ! ಪರಾಧೀನವಾಗಿದ್ದ ದೇಶ ಅದನ್ನು ಹೇಗೆ ಸಂಭ್ರಮಿಸಿರಬೇಕೆಂದು ಊಹಿಸಬಹುದು. ಆದರೆ ಅಷ್ಟು ಹೊತ್ತಿಗೆ ಇಬ್ಬರೂ ಐವತ್ತರ ಹೊಸ್ತಿಲಲ್ಲಿದ್ದರು. ಜ್ಬಿಸ್ಕೊ ಆಡಿ ಬೆಳೆದದ್ದು ಮ್ಯಾಟ್ ಮೇಲೆ, ಪಟಿಯಾಲದಲ್ಲಿ ಇಳಿದದ್ದು ಮಣ್ಣಿನ ಅಖಾಡಕ್ಕೆ. 1925ರಲ್ಲಿ ಅವನು ಅಮೆರಿಕದಲ್ಲಿ ವೇಯ್ನ್ ಮನ್‌ನನ್ನು ಕೆಡವಿ ವಿಶ್ವ ಚಾಂಪಿಯನ್ ಆಗಿದ್ದ ನಿಜ. ಆದರೆ ಮನ್ ಫುಟ್‌ಬಾಲ್ ಮೈದಾನದಿಂದ ಬಂದವನು, ಕುಸ್ತಿಯಲ್ಲಿ ಪಳಗಿದವನಲ್ಲ. ಆ ವಯಸ್ಸಿನಲ್ಲೂ ಗಾಮಾ ದೇಹವನ್ನು ಎಷ್ಟು ಚೆನ್ನಾಗಿ ಕಾಪಾಡಿಕೊಂಡಿದ್ದ ಎಂಬುದಕ್ಕೆ ಪಟಿಯಾಲ ಒಳ್ಳೆಯ ಸಾಕ್ಷಿ. ಅವನ ಕಾಲದ ಜಟ್ಟಿಗಳಲ್ಲಿ ಅವನ ಸ್ಥಾನ ಯಾವುದು ಎಂಬುದಕ್ಕೆ ಅಲ್ಲ.

ಹಾಗಾದರೆ ಲಂಡನ್? ಅಲ್ಲಿ ಲೆಕ್ಕ ಇನ್ನಷ್ಟು ತೊಡಕಾಗುತ್ತದೆ. 1910ರಲ್ಲಿ ಗಾಮಾ ಮೊದಲು ಅಮೆರಿಕದ ಬೆಂಜಮಿನ್ ರೋಲರ್‌ನನ್ನು ಎರಡು ಸಲ ನಿಮಿಷಗಳಲ್ಲೇ ಕೆಡವಿದ. ಸೆಪ್ಟೆಂಬರ್ 10ರಂದು ಜ್ಬಿಸ್ಕೊ ಎದುರಾದ. ಎರಡೂವರೆ ಗಂಟೆಗೂ ಹೆಚ್ಚು ಕಾಲ ನಡೆದ ಆ ಕುಸ್ತಿಯಲ್ಲಿ ಜ್ಬಿಸ್ಕೊ ಬಹುಪಾಲು ಮ್ಯಾಟಿಗೆ ಅಂಟಿಕೊಂಡೇ ಉಳಿದ. ಗಾಮಾನಿಂದ ಅವನನ್ನು ಮಗುಚಲಾಗಲಿಲ್ಲ. ತೀರ್ಪು ಸಮಬಲ. ವಾರದ ನಂತರದ ಮರುಪಂದ್ಯಕ್ಕೆ ಜ್ಬಿಸ್ಕೊ ಬರಲೇ ಇಲ್ಲ, ಪಂದ್ಯದ ಬಹುಮಾನವಾದ ಜಾನ್ ಬುಲ್ ಬೆಲ್ಟ್ ಗಾಮಾನದಾಯಿತು.

ಇಲ್ಲಿ ಅಭಿಮಾನಿಗಳು ಹೇಳದ ಒಂದು ಸಂಗತಿ ಇದೆ. ಅದೇ ವರ್ಷದ ಜೂನ್ ತಿಂಗಳಲ್ಲಿ, ಶಿಕಾಗೊದಲ್ಲಿ, ಅಮೆರಿಕದ ಫ್ರಾಂಕ್ ಗಾಚ್ ಇದೇ ಜ್ಬಿಸ್ಕೊನನ್ನು ಎರಡು ಸಲ ಕೆಡವಿದ್ದ. ಮೊದಲನೆಯದು ಕೆಲವೇ ಸೆಕೆಂಡುಗಳಲ್ಲಿ, ಜ್ಬಿಸ್ಕೊ ಕೈಕುಲುಕಲು ಬಂದಾಗ ಮಾಡಿದ ಕುಯುಕ್ತಿ, ಅದನ್ನು ಬಿಟ್ಟುಬಿಡೋಣ. ಎರಡನೆಯದು ಅರ್ಧ ಗಂಟೆಯೊಳಗೆ ನಡೆದ ನಿಜವಾದ ಕುಸ್ತಿ. ಹಾಗೆಂದು ಗಾಚ್ ಗಾಮಾನಿಗಿಂತ ಮೇಲು ಎಂದು ಹೇಳಲಾಗದು. ಹಿಂದಿನ ವರ್ಷ ಗಾಚ್ ಕೂಡ ಜ್ಬಿಸ್ಕೊನನ್ನು ಒಂದು ಗಂಟೆಯಲ್ಲಿ ಕೆಡವಲಾರದೆ ಹೋಗಿದ್ದ. ಗೆಲ್ಲಲು ಬಂದ ಜ್ಬಿಸ್ಕೊನೇ ಬೇರೆ, ಸೋಲಬಾರದೆಂದಷ್ಟೇ ಮಲಗಿದ ಜ್ಬಿಸ್ಕೊನೇ ಬೇರೆ. ಆದರೂ ಲಂಡನ್ನಿನ ಬೆಲ್ಟ್ ಒಂದನ್ನೇ ಹಿಡಿದುಕೊಂಡು ಗಾಮಾನನ್ನು ಜಗಜ್ಜಟ್ಟಿ ಎನ್ನುವವರು ಈ ಸಂಗತಿಗೆ ಉತ್ತರ ಕೊಡಲೇಬೇಕು. ಗಾಚ್ ಆಗಲಿ, ಆ ಕಾಲದ ಮತ್ತೊಬ್ಬ ಹೆಸರಾಂತ ಜಟ್ಟಿ ಜಾರ್ಜ್ ಹ್ಯಾಕನ್‌ಶ್ಮಿಟ್ ಆಗಲಿ ಗಾಮಾನ ಎದುರು ನಿಲ್ಲಲೇ ಇಲ್ಲ. ಬಾರದವರ ತಪ್ಪನ್ನು ಗಾಮಾನ ಮೇಲೆ ಹೊರಿಸುವುದು ಅನ್ಯಾಯ. ಬಾರದವರನ್ನು ಗೆದ್ದವರ ಪಟ್ಟಿಗೆ ಸೇರಿಸುವುದೂ ಅಷ್ಟೇ ತಪ್ಪು.

ನನ್ನ ಮಟ್ಟಿಗೆ ಗಾಮಾನ ಹಿರಿಮೆ ನಿಂತಿರುವುದು ಹಿಂದೂಸ್ತಾನದ ಮಣ್ಣಿನಲ್ಲೇ. ಆ ಕಾಲದಲ್ಲಿ ಕುಸ್ತಿಯ ನಿಜವಾದ ಪೈಪೋಟಿ ಇದ್ದದ್ದು ಇಲ್ಲಿ. ಪಟಿಯಾಲ, ಬರೋಡಾ, ಇಂದೋರ್, ಶಾಹು ಮಹಾರಾಜರ ಕೊಲ್ಹಾಪುರ, ನಮ್ಮ ಮೈಸೂರು: ಒಂದೊಂದು ಸಂಸ್ಥಾನವೂ ಪೈಲ್ವಾನರನ್ನು ಹಾಲು, ತುಪ್ಪ, ಬಾದಾಮಿ ಕೊಟ್ಟು ಸಾಕುತ್ತಿತ್ತು. ಎಳೆಯ ವಯಸ್ಸಿನಲ್ಲೇ ಗರಡಿಗೆ ಬಿದ್ದ ಹುಡುಗರು ವಸ್ತಾದರ ಕೈಯಲ್ಲಿ ಪಳಗುತ್ತಿದ್ದರು. ಬಿದ್ದವನ ಜೊತೆ ಅವನನ್ನು ಸಾಕಿದ ಅರಮನೆಯ ಮಾನವೂ ಬೀಳುತ್ತಿತ್ತು. ಇಂಥ ಅಖಾಡಗಳಲ್ಲಿ ದತಿಯಾದ ಗುಲಾಮ್ ಮೊಹಿಯುದ್ದೀನ್, ಭೋಪಾಲದ ಪ್ರತಾಪ್ ಸಿಂಗ್, ಮುಲ್ತಾನಿನ ಹಸನ್ ಬಕ್ಷ್ ಮುಂತಾದವರನ್ನು ಗಾಮಾ ಒಬ್ಬೊಬ್ಬರಾಗಿ ಉರುಳಿಸಿದ. ಇವರ ಹೆಸರು ಲಂಡನ್ನಿನ ಪತ್ರಿಕೆಗಳಲ್ಲಿ ಬರಲಿಲ್ಲ, ಆದ್ದರಿಂದ ನಮ್ಮ ನೆನಪಿನಲ್ಲೂ ಉಳಿಯಲಿಲ್ಲ.

ಉರುಳದೆ ನಿಂತವನು ಒಬ್ಬನೇ: ಗುಜ್ರಾನ್‌ವಾಲಾದ ರಹೀಮ್ ಬಕ್ಷ್ ಸುಲ್ತಾನಿವಾಲಾ. ಏಳು ಅಡಿಯ ಹತ್ತಿರದ ಆಳು, ಆಗಲೇ ರುಸ್ತುಂ-ಎ-ಹಿಂದ್, ಅಂದರೆ ಹಿಂದೂಸ್ತಾನದ ಚಾಂಪಿಯನ್. ಅವನ ಮುಂದೆ ಗಾಮಾ ಒಂದಡಿಗೂ ಹೆಚ್ಚು ಗಿಡ್ಡ, ಇನ್ನೂ ಹುಡುಗ. ಗಂಟೆಗಟ್ಟಲೆ ಸೆಣಸಿದರೂ ಇತ್ಯರ್ಥವಾಗಲಿಲ್ಲ. ಮುಂದೆಯೂ ಇಬ್ಬರ ಕುಸ್ತಿ ಸಮಬಲದಲ್ಲೇ ನಿಂತಿತು. ಇಂಗ್ಲೆಂಡಿನಿಂದ ಮರಳಿದ ಮೇಲೆ ಅಲಹಾಬಾದಿನಲ್ಲಿ ಗಾಮಾ ಕೊನೆಗೂ ಗೆದ್ದು ರುಸ್ತುಂ-ಎ-ಹಿಂದ್ ಆದ. ಆಗ ರಹೀಮ್ ಬಕ್ಷ್‌ಗೆ ವಯಸ್ಸಾಗಿತ್ತು ಎಂಬುದನ್ನೂ ಮರೆಮಾಚಬಾರದು. ಹಾಗಾಗಿ ಅಲಹಾಬಾದಿನ ಗೆಲುವಿಗಿಂತ ಆ ಮೊದಲ ಸಮಬಲಕ್ಕೇ ನಾನು ಹೆಚ್ಚು ಬೆಲೆ ಕೊಡುತ್ತೇನೆ. ದೇಶದ ಅತಿ ಬಲಿಷ್ಠ ಪೈಲ್ವಾನ್ ಆ ಹುಡುಗನನ್ನು ಕೆಡವಲಾರದೆ ಹೋದ. ಗಾಮಾನ ಶಕ್ತಿಗೆ ಇದಕ್ಕಿಂತ ನಂಬಿಕಸ್ತ ಅಳತೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಬರೋಡಾದ ವಸ್ತುಸಂಗ್ರಹಾಲಯದಲ್ಲಿ ಗಾಮಾ 1902ರಲ್ಲಿ ಎತ್ತಿದನೆನ್ನುವ ಕಲ್ಲು ಇದೆ, ತೂಕ 1200 ಕಿಲೋ ಅನ್ನುತ್ತಾರೆ. ದಿನಕ್ಕೆ ಹೊಡೆದ ದಂಡ, ಬಸ್ಕಿಗಳ ಲೆಕ್ಕವನ್ನೂ ಸಾವಿರಗಳಲ್ಲಿ ಹೇಳುತ್ತಾರೆ. ಸಾಮು ದೊಡ್ಡದೇ, ಆದರೆ ಕಲ್ಲು ತಿರುಗಿ ಪಟ್ಟು ಹಾಕುವುದಿಲ್ಲ. ಪೈಲ್ವಾನನ ಶಕ್ತಿ ಅವನ ಮೈಯಲ್ಲೇ ಇರುತ್ತದೆ, ಅದನ್ನು ಎದುರಾಳಿ ಹುಟ್ಟಿಸುವುದಿಲ್ಲ. ಅದು ಎಷ್ಟೆಂದು ನಮಗೆ ತಿಳಿಯಬೇಕಾದರೆ ಮಾತ್ರ ಸಮಸಮನಾದ ಜೋಡಿ ಬೇಕೇ ಬೇಕು. ಗಾಮಾನಿಗೆ ಅಂಥ ಜೋಡಿ ಸಿಕ್ಕಿತ್ತು. ಇನ್ನು ಮುಂದೆ ಗಾಮಾನ ಬಗ್ಗೆ ಬರೆಯುವವರು ಜ್ಬಿಸ್ಕೊಗೆ ಕೊಡುವಷ್ಟೇ ಜಾಗವನ್ನು ರಹೀಮ್ ಬಕ್ಷ್‌ಗೂ ಕೊಡಬೇಕು, ಅದೂ ಮೊದಲ ಪುಟಗಳಲ್ಲೇ.