ಗೆದ್ದವರನ್ನೂ ಬಿಡದ ಹಾಡು

ಚುನಾವಣೆ ಬಂತೆಂದರೆ ಅರಕಲಗೂಡಿನ ಬೀದಿಗಳಲ್ಲಿ ಆಟೋಗೆ ಮೈಕು ಕಟ್ಟಿದ ಪ್ರಚಾರಗೀತೆಗಳು ಸುತ್ತತೊಡಗುತ್ತವೆ. ಧಾಟಿ ಸಿನಿಮಾದ್ದು. ಅಭ್ಯರ್ಥಿಯ ಹೆಸರು ಬದಲಿಸಿದರೆ ಮುಂದಿನ ಸಲಕ್ಕೂ ಆದೀತು. ಎದುರಾಳಿಯನ್ನು ಬೈಯುವ ಹಾಡುಗಳ ಪಾಡಂತೂ ಇನ್ನೂ ಕಷ್ಟ: ಮತ ಎಣಿಕೆ ಮುಗಿದ ಸಂಜೆಗೇ ಅವು ಹಳಸಿರುತ್ತವೆ.

ಇಂಗ್ಲೆಂಡಿನ 'ದಿ ಹೂ' ತಂಡದ 'ವೋಂಟ್ ಗೆಟ್ ಫೂಲ್ಡ್ ಅಗೇನ್' 1971ರದ್ದು, ಇನ್ನೂ ಹಳಸಿಲ್ಲ. ಬರೆದವನು ಪೀಟ್ ಟೌನ್‌ಶೆಂಡ್. ಕ್ರಾಂತಿಗೀತೆ ಎಂದು ಮುಷ್ಟಿ ಎತ್ತಿ ಹಾಡುವವರೇ ಹೆಚ್ಚು. ಕಿವಿಗೊಟ್ಟು ಕೇಳಿದರೆ ಅದರ ಅನುಮಾನವೆಲ್ಲ ಕ್ರಾಂತಿಯ ಮಾರನೆಯ ದಿನದ ಮೇಲೆ, ಹಳಬನನ್ನು ಇಳಿಸಿ ಕುರ್ಚಿ ಏರಿದವನ ಮೇಲೆ. ಸಿಂಥಸೈಜರ್ ಮೂಲಕ ಹಾಯಿಸಿದ ಆರ್ಗನ್ ನಾದ ಹಾಡಿನುದ್ದಕ್ಕೂ ಮಿಡಿಯುತ್ತದೆ. ಕಡೆಗೆ ಅದೊಂದೇ ಉಳಿಯುತ್ತದೆ. ಆಮೇಲೆ ಕೀತ್ ಮೂನ್‌ನ ಡ್ರಮ್ಮು ಮೇಲೆ ಬೀಳುತ್ತದೆ, ರೋಜರ್ ಡಾಲ್ಟ್ರಿ ಕಿರುಚುತ್ತಾನೆ. ಗೆದ್ದವನ ಕೇಕೆ ಅಂತಾರೆ. ನನಗೋ, ಮತ್ತೆ ಮೋಸಹೋದೆನೇ ಎಂದು ಬೆಚ್ಚಿಬಿದ್ದವನ ಕೂಗು.

ಕನ್ನಡದಲ್ಲಿ ಇದಕ್ಕೆ ಹೆಗಲೆಣೆ ಎಂದರೆ ನಲವತ್ತೇಳರ ಸ್ವಾತಂತ್ರ್ಯದ ಬಗ್ಗೆ ಕವಿ ಸಿದ್ದಲಿಂಗಯ್ಯ ಕಟ್ಟಿದ ಹಾಡು. ಅವರ 'ಹೊಲೆಮಾದಿಗರ ಹಾಡು' ಸಂಕಲನ ಬಂದದ್ದು 1975ರಲ್ಲಿ. ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ಅವರ ಹಾಡುಗಳು ತಮಟೆ ಏಟಿನ ಜೊತೆ ಊರೂರು ತಿರುಗಿದವು. ನಲವತ್ತೇಳರ ಆ ಹಾಡು ಅಧಿಕಾರದಲ್ಲಿದ್ದವರನ್ನು ಬೈದು ಸುಮ್ಮನಾಗುವುದಿಲ್ಲ, ಸ್ವಾತಂತ್ರ್ಯ ಯಾರಿಗೆ ಬಂತು ಎಂದು ಮನೆಮನೆಯ ಬಾಗಿಲಲ್ಲಿ ನಿಂತು ಲೆಕ್ಕ ಕೇಳುತ್ತದೆ. ಒಬ್ಬರು ಎತ್ತಿಕೊಟ್ಟಿದ್ದನ್ನು ಗುಂಪು ತಿರುಗಿ ಹಾಡುತ್ತದಲ್ಲ, ಅಷ್ಟರಲ್ಲಿ ಆ ಪ್ರಶ್ನೆ ಕವಿಯದ್ದಲ್ಲ, ಹಾಡಿದವರದ್ದು.

ಬೆಂಗಳೂರಿನ 'ಸ್ವರಾತ್ಮ' ತಂಡದ 'ಟೋಪಿವಾಲೆ' (2012) ರಾಜಕಾರಣಿಗಳನ್ನು ಚೆನ್ನಾಗಿಯೇ ಗೇಲಿ ಮಾಡುತ್ತದೆ, ಕುಣಿಸುತ್ತದೆ. ಆದರೆ ಕೇಳುವವನು ಆಚೆ ನಿಂತು ನಕ್ಕು ಮನೆಗೆ ಹೋಗಬಹುದು. ಸಿದ್ದಲಿಂಗಯ್ಯ ಹಾಗೆ ಹೋಗಗೊಡುವುದಿಲ್ಲ.

ಅವರೇ 1988ರಲ್ಲಿ ವಿಧಾನ ಪರಿಷತ್ತಿನ ಸದಸ್ಯರಾದರು. ಮುನಿಸಿಕೊಂಡವರಿದ್ದರು. ಹಾಡಿಗೇನೂ ಮುಕ್ಕಾಗಲಿಲ್ಲ. ಪರಿಷತ್ತಿನ ಕುರ್ಚಿಯಲ್ಲಿ ಕೂತವರನ್ನೂ, ಬರೆದವರೆಂಬ ದಾಕ್ಷಿಣ್ಯವಿಲ್ಲದೆ, ಅದೇ ಪ್ರಶ್ನೆ ಕೇಳಬಲ್ಲ ಹಾಡು ಅದು.

'ದಿ ಹೂ' ಕೇಳುವವರು ಎಂಟೂವರೆ ನಿಮಿಷದ ಪೂರ್ತಿ ಹಾಡನ್ನೇ ಹುಡುಕಿ. ಸಿಂಗಲ್ ಆಗಿ ಬಂದದ್ದು ಮೂರೂವರೆ ನಿಮಿಷಕ್ಕೆ ಕತ್ತರಿಸಿದ್ದು. ಅದರಲ್ಲಿ ಸಿಟ್ಟಿದೆ, ಅನುಮಾನ ಮಾಗುವುದಕ್ಕೆ ಪುರಸೊತ್ತಿಲ್ಲ.