ಪೈ, ಕಯ್ಯಾರ ಮತ್ತು ಉದ್ಧರಣೆಯ ಹಕ್ಕು

ಮಂಜೇಶ್ವರದ ಗೋವಿಂದ ಪೈಗಳು ನಿಧನರಾದುದು 1963ರಲ್ಲಿ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಸ್ವಾಮ್ಯ ಉಳಿಯುತ್ತದೆ. ಆದುದರಿಂದ ಅವರ ಜೀವಿತಕಾಲದಲ್ಲೇ ಪ್ರಕಟವಾದ ‘ಗಿಳಿವಿಂಡು’, ‘ಗೊಲ್ಗೊಥಾ’ 2024ರ ಜನವರಿ 1ರಿಂದ ಸಾರ್ವಜನಿಕ ಸೊತ್ತು. ಮರಣಾನಂತರ ಮೊದಲ ಬಾರಿಗೆ ಅಚ್ಚಾದ ಬರಹಗಳ ಲೆಕ್ಕ ಬೇರೆ. ಅಲ್ಲಿ ಅವಧಿಯನ್ನು ಪ್ರಕಟಣೆಯಿಂದ ಎಣಿಸಬೇಕು. ಸಂಪುಟಕ್ಕೆ ಸಂಪಾದಕರು ಬರೆದ ಪ್ರಸ್ತಾವನೆಯಂತೂ ಪೈಗಳದ್ದಲ್ಲ. ಪ್ರಬಂಧ ಬರೆಯುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಕಯ್ಯಾರ ಕಿಞ್ಞಣ್ಣ ರೈಗಳು ತೀರಿಕೊಂಡುದು 2015ರಲ್ಲಿ. ಅವರ ಪ್ರಕಟಿತ ಕೃತಿಗಳು 2075ರ ಕೊನೆಯವರೆಗೂ ರಕ್ಷಿತ. ಹಾಗೆಂದು ಕಾಸರಗೋಡಿನ ವಿದ್ಯಾರ್ಥಿ ಅವರನ್ನು ಉದ್ಧರಿಸಲು ಅಂಜಬೇಕಿಲ್ಲ. ಕಾಯಿದೆಯ 52ನೆಯ ಸೆಕ್ಷನ್ ಸಂಶೋಧನೆಗೂ ವಿಮರ್ಶೆಗೂ ನ್ಯಾಯಯುತ ಬಳಕೆಯನ್ನು ಒಪ್ಪಿದೆ. ಎಷ್ಟು ಸಾಲು ಎಂಬ ಅಳತೆ ಅದರಲ್ಲಿಲ್ಲ. ಇದನ್ನು ಕೊರತೆಯೆನ್ನಬಹುದು; ವಿಮರ್ಶೆಗೆ ಮಾತ್ರ ಅದು ಅನುಕೂಲವೇ. ಸಣ್ಣ ಕವಿತೆಯೊಂದರ ಲಯವನ್ನು ಚರ್ಚಿಸಲು ಅದರ ಬಹುಭಾಗ ಬೇಕಾದೀತು; ಅಧ್ಯಾಯದ ನೆತ್ತಿಯ ಮೇಲೆ ಅಲಂಕಾರಕ್ಕೆಂದು ಇಟ್ಟ ಎರಡು ಸಾಲು ವಿಮರ್ಶೆಯಾಗದು.

ದಿಲ್ಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಪ್ರಕರಣದಲ್ಲಿ ಅಲ್ಲಿನ ಹೈಕೋರ್ಟು 2016ರಲ್ಲಿ, ಪಾಠಕ್ಕೆ ಅಗತ್ಯವಿರುವಷ್ಟು ಪ್ರತಿ ತೆಗೆಯಬಹುದೆಂದಿತು. ಮರುಮುದ್ರಣ ಕಾಣದ ಕನ್ನಡ ಪುಸ್ತಕವನ್ನು ಗ್ರಂಥಾಲಯದ ಒಂದೇ ಪ್ರತಿಯಿಂದ ಓದಬೇಕಾದ ಗಡಿನಾಡಿನ ತರಗತಿಗೆ ಈ ತೀರ್ಪು ಸಣ್ಣ ಆಸರೆಯಲ್ಲ. ಆದರೆ ಅದೇ ಪ್ರತಿಗೆ ರಟ್ಟು ಹಾಕಿ ಮಾರಲು ಕೂತರೆ ‘ಪಾಠ’ವೆಂಬ ನೆಪ ನಿಲ್ಲದು. ಇನ್ನು ಸ್ವಾಮ್ಯ ಮುಗಿದ ಪೈಗಳ ಸಾಲುಗಳು: ಅವುಗಳಿಗೆ ಯಾರ ಅನುಮತಿಯೂ ಬೇಡ, ಕೆಳಗೆ ಪೈಗಳ ಹೆಸರು ಬೇಕು.